ಒಂಬತ್ತೂವರೆ, ಸಣಕಲು

“ನಾನ್ನೂರ ಹತ್ತು,” ಎಂದ.

ನನ್ನ ಗರಗಸ ಮರದ ಪಟ್ಟಿಯ ನಡುವೆ ನಿಂತುಬಿಟ್ಟಿತು. ತಿರುಗಿ ನೋಡಲಿಲ್ಲ. ಕೆಲಸದ ಹೊತ್ತಿನಲ್ಲಿ ನಾವು ತಿರುಗಿ ನೋಡುವವರಲ್ಲ.

“ಏನಂದೆ?”

“ನಾನ್ನೂರ ಹತ್ತು. ಅಗಲ.”

“ಅದೇನು, ಯಾರದಾದ್ರೂ ಮನೆ ನಂಬರಾ?”

“ಮಿಲಿಮೀಟರು.” ಸ್ವಲ್ಪ ತಡೆದು, “ಅಭ್ಯಾಸ ಆಗ್ಬಿಟ್ಟಿದೆ,” ಎಂದ.

ಅಭ್ಯಾಸ. ಬೇರೆಯವರ ಗಂಡಂದಿರಿಗೆ ಸಿಗರೇಟಿನ ಅಭ್ಯಾಸವಾಗುತ್ತದೆ, ಇಸ್ಪೀಟಿನ ಅಭ್ಯಾಸವಾಗುತ್ತದೆ. ನನ್ನವನಿಗೆ ಮಿಲಿಮೀಟರಿನ ಅಭ್ಯಾಸವಾಗಿತ್ತು, ಅದೂ ಇನ್ನೊಬ್ಬರ ಮೇಜಿನ ಮುಂದೆ ನಿಂತು.

ಇಂಚಿನಲ್ಲಿ ಹೇಳು ಎನ್ನಬಹುದಿತ್ತು. ಹೇಳಲಿಲ್ಲ. ಇಂಚಿಗೆ ಇಪ್ಪತ್ತೈದು ಚಿಲ್ಲರೆ ಎಂದು ಮನಸ್ಸಿನಲ್ಲೇ ಭಾಗಿಸಿ, ಹದಿನಾರೂಕಾಲು ಎಂದು ತೀರ್ಮಾನಿಸಿ ಕತ್ತರಿಸಿದೆ. ನಾಲ್ಕು ಮೂಲೆ ಅಂಟಿಸಿ, ಅಂಟು ಒಣಗಿ, ಅವನು ಗಾಜು ತಂದು ಕೂರಿಸಿದಾಗ ಅದು ಫ್ರೇಮಿನೊಳಗೆ ಅತ್ತಿಂದಿತ್ತ ಜಾರಿತು, ಹಲ್ಲಿಲ್ಲದ ಬಾಯಲ್ಲಿ ನಾಲಿಗೆ ಹೊರಳಿದ ಹಾಗೆ. ಹದಿನಾರೂ ಅರೆಕಾಲು ಆಗಬೇಕಿತ್ತು. ಒಂದು ಅರೆಕಾಲು ಇಂಚು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ನಮ್ಮ ಕಸುಬಿನಲ್ಲಿ ‘ನೂಲು’ ಎನ್ನುತ್ತೇವಲ್ಲ ಅಷ್ಟು, ಹೆಚ್ಚಾಗಿತ್ತು.

“ಇದಕ್ಕೇ ನೋಡು ನಾನು ಹೇಳೋದು,” ಎಂದ. ಬೈದಿದ್ದರೆ ವಾಸಿಯಿತ್ತು. ಮೃದುವಾಗಿ ಹೇಳಿದ.

ನಮ್ಮದು ಚಿತ್ರಗಳಿಗೆ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮೇಲೆ ಮನೆ, ಕೆಳಗೆ ಅಂಗಡಿ. ಕೆಲಸಕ್ಕೆ ಉದ್ದನೆಯ ಒಂದೇ ಕೋಣೆ, ಹಿಂದೆ ಗಾಜಿನ ಹಾಳೆಗಳನ್ನಿಡಲು ಒಂದು ಸಣ್ಣದು. ಒಳಗಿನ ತುದಿಯಲ್ಲಿ ನನ್ನ ಮರದ ಬೆಂಚು, ಬಾಗಿಲ ಕಡೆಯ ತುದಿಯಲ್ಲಿ ಅವನ ಗಾಜಿನ ಮೇಜು. ಅವನ ಮೇಜಿನ ಮೇಲೆ ಹಾಸಿದ ಹಳೆಯ ಕಂಬಳಿಯಿಂದ ಸೀಮೆಎಣ್ಣೆಯ ವಾಸನೆ ಬರುತ್ತದೆ. ನನ್ನ ಕಡೆಯಿಂದ ಅಂಟಿನದು. ನಾನು ಗೋಡೆಗೆ ಮುಖ ಮಾಡಿ ನಿಂತರೆ ಅವನು ಬೀದಿಗೆ ಮುಖ ಮಾಡಿ ನಿಲ್ಲುತ್ತಾನೆ. ಬೆನ್ನಿಗೆ ಬೆನ್ನು. ಅಳತೆಗಳನ್ನು ಕೂಗಿ ಹೇಳುತ್ತೇವೆ. ಕೇಳಿದವರು ಮತ್ತೆ ಒಮ್ಮೆ ಹೇಳಬೇಕು, ಹೇಳಿದ ಮೇಲೆ ಕತ್ತರಿಸಬೇಕು. ಬರೆದಿಟ್ಟುಕೊಳ್ಳುವುದಿಲ್ಲ.

“ಹನ್ನೆರಡೂಮುಕ್ಕಾಲು.”

“ಹನ್ನೆರಡೂಮುಕ್ಕಾಲು.”

“ಒಂಬತ್ತೂವರೆ, ಸಣಕಲು.”

“ಒಂಬತ್ತೂವರೆ, ಸಣಕಲು.”

ಸಣಕಲು ಅಂದರೆ ಹೇಳಿದ್ದಕ್ಕಿಂತ ಒಂದು ಕೂದಲೆಳೆ ಕಡಿಮೆ. ಮದುವೆಯಾದ ಹೊಸತರಲ್ಲಿ ಅವನು ಒಂಬತ್ತೂವರೆಗೆ ಸರಿಯಾಗಿ ಕತ್ತರಿಸಿದ ಗಾಜು ಫ್ರೇಮಿನೊಳಗೆ ಇಳಿಯದೆ ಹೋದಾಗ ನಾನು, “ನನಗೆ ಬೇಕಾಗಿರೋದು ಸಣಕಲು ಒಂಬತ್ತೂವರೆ, ನಿನ್ನ ಥರದ್ದು,” ಎಂದಿದ್ದೆ. ಆಗ ಅವನು ಹಾಗಿದ್ದ, ಅಂಗಿಯನ್ನು ಮೊಳೆಗೆ ತೂಗುಹಾಕಿದಂತೆ. ಕೂದಲೆಳೆ ಹೆಚ್ಚು ಬೇಕಾದರೆ ‘ಪುಷ್ಟಿ’. ಅದು ನಾನು. ಒಬ್ಬರ ಮೈಯನ್ನು ಒಬ್ಬರು ಆಡಿಕೊಂಡ ಮಾತು ಹೀಗೆ ಅಳತೆಯಾಯಿತು. ಆ ಕೂದಲೆಳೆ ಎಷ್ಟು ದಪ್ಪ ಎಂದು ನಾವು ಯಾವತ್ತೂ ಕೇಳಿಕೊಂಡವರಲ್ಲ. ನಾನು ಹೇಳುವ ಸಣಕಲೂ ಅವನು ಕತ್ತರಿಸುವ ಸಣಕಲೂ ಒಂದೇ ಆಗಿತ್ತು, ಅಷ್ಟೇ.

ಊರಾಚೆಯ ಹಳೆಯ ಗೋದಾಮನ್ನು ಚಿತ್ರಶಾಲೆ ಮಾಡುತ್ತಿದ್ದರು. ಗಾಜಿನ ಪೆಟ್ಟಿಗೆಗಳನ್ನು ಕೂರಿಸಲು ಕೈ ತಿಳಿದವರು ಬೇಕೆಂದು ಇವನನ್ನು ಕರೆದರು. ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅಲ್ಲಿನ ನಕ್ಷೆಗಳನ್ನೆಲ್ಲ ಬರೆಯುವವಳು ಒಬ್ಬಳಿದ್ದಾಳೆ. ಅವಳಿಗೊಂದು ಹೆಸರಿದೆ, ಇವನು ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾನೆ, ನಾನು ಹೇಳುವುದಿಲ್ಲ. ನನ್ನ ಬಾಯಲ್ಲಿ ಅವಳು ಮಿಲಿ. ಮಿಲಿಮೀಟರಿನ ಮಿಲಿ. ಅವಳು ಸೆಂಟಿಮೀಟರ್ ಅಂದರೂ ನಗುತ್ತಾಳಂತೆ. ಅವಳ ಪೆನ್ಸಿಲು ಕೂದಲಿಗಿಂತ ಸಣ್ಣ ಗೆರೆ ಎಳೆಯುತ್ತದಂತೆ. ಅವಳ ನಕ್ಷೆ ಹಿಡಿದು ಯಾರು ಕತ್ತರಿಸಿದರೂ ಗಾಜು ಸುಮ್ಮನೆ ಹೋಗಿ ಕೂರುತ್ತದಂತೆ. ಇಷ್ಟೊಂದು ‘ಅಂತೆ’ ಒಂದೇ ಹೆಂಗಸಿನ ಸುತ್ತ.

ಈಗ ಚಿತ್ರಶಾಲೆಯವರು ಅವನಿಗೆ ಕಾಯಂ ಆಗಿ ಅಲ್ಲೇ ಇರು ಎಂದಿದ್ದರು. ಸೋಮವಾರ ಉತ್ತರ ಹೇಳಬೇಕಿತ್ತು. ಅವನು ಹೋದರೆ ಗಾಜಿನ ಮೇಜಿಗೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳಬಹುದು, ಗಾಜು ಕತ್ತರಿಸುವವರು ಸಿಗುತ್ತಾರೆ. ಆದರೆ ನಾನು ಕೂಗಿದ ಅಳತೆಯನ್ನು ಮತ್ತೆ ಹೇಳುವ ದನಿ ಅವನದಾಗಿರುವುದಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದು. ಕೇಳಿದವರು, ಅಷ್ಟಕ್ಕೇ ಇಷ್ಟಾ, ಎಂದಾರು.

ಹಾಳಾದ ಫ್ರೇಮಿನ ದಿನ ಊಟಕ್ಕೆ ಕೂತಾಗ ಮಾತು ಅಲ್ಲಿಗೇ ಬಂತು.

“ಏಳು ನೂಲಿಗೆ ಐದೂವರೆ ನೂಲು ಕೂಡಿಸು, ನೋಡೋಣ,” ಎಂದ.

“ಒಂದೂವರೆ ಇಂಚು, ಮೇಲೆ ಅರ್ಧ ನೂಲು.”

“ನೀನು ಹೇಳ್ತೀಯ, ಒಪ್ಕೊಂಡೆ. ಅಲ್ಲಿ ಕೆಲಸ ಮಾಡೋ ಎಲ್ಲರಿಗೂ ನಿನ್ನ ತಲೆ ಇರುತ್ತಾ? ಮಿಲಿಮೀಟರಾದ್ರೆ ಕೂಡಿಸೋದು, ಕಳೆಯೋದು, ಮುಗೀತು. ಮೂರನೇ ಕ್ಲಾಸಿನ ಲೆಕ್ಕ.”

“ಹದಿಮೂರಿಂಚು ಐದು ನೂಲು. ಇದರ ಅರ್ಧ?”

“ಆರಿಂಚು, ಆರೂವರೆ ನೂಲು.” ಥಟ್ಟನೆ ಹೇಳಿದ. ಇನ್ನೂ ಮರೆತಿರಲಿಲ್ಲ. ನನಗೆ ಒಂದು ಗುಟುಕು ನೀರು ಕುಡಿದಷ್ಟು ಸಮಾಧಾನವಾಯಿತು.

“ಮುನ್ನೂರ ನಲವತ್ತೇಳರ ಅರ್ಧ?” ಎಂದೆ.

“ನೂರ ಎಪ್ಪತ್ತಮೂರೂವರೆ.”

“ಬಂತಲ್ಲ ನನ್ನ ಅರ್ಧ ನಿನ್ನ ಮಿಲಿಮೀಟರಿಗೂ. ಪಾಯಿಂಟ್ ಐದು ಅಂತ ಯಾಕೆ ಹೇಳಲಿಲ್ಲ?”

ಅವನು ನಕ್ಕ. ಅತ್ತೆ ಸೇಬು ಹೆಚ್ಚುತ್ತಿದ್ದರು. ಅತ್ತೆ ಒಂದು ಕಾಲದಲ್ಲಿ ಮಾವನ ಜೊತೆ ಬಟ್ಟೆ ಅಂಗಡಿಯಲ್ಲಿ ಕೂತವರು.

“ನಿಮ್ಮಪ್ಪ ಗಜದ ಕೋಲಲ್ಲಿ ಅಳೀತಿದ್ರು,” ಎಂದರು ಮಗನಿಗೆ. “ನಾನು ಮೂಗಿಂದ ಬೆರಳ ತುದಿವರೆಗೆ ಅಳೀತಿದ್ದೆ. ಗಿರಾಕಿಗಳೆಲ್ಲ ನನ್ನ ಹತ್ರಾನೇ ಬರ್ತಿದ್ರು. ನನ್ನ ಕೈ ಉದ್ದ. ಅಂಗಡಿ ಮುಳುಗಿದ್ದು ಹಾಗೇ.” ಸೇಬಿನ ಒಂದು ಹೋಳು ನನ್ನ ತಟ್ಟೆಗೆ ಹಾಕಿದರು. “ತಗೋ, ಕಾಲು ಭಾಗ.”

“ನೋಡು,” ಎಂದೆ ಅವನಿಗೆ. “ಸೊನ್ನೆ ಪಾಯಿಂಟ್ ಎರಡು ಐದು ಸೇಬು ತಗೋ ಅಂತ ಯಾವ ತಾಯಿನೂ ಹೇಳಲ್ಲ.”

“ಸೇಬು ಗಾಜಲ್ಲ. ಒಂದು ನೂಲು ಜಾಸ್ತಿ ತಿಂದ್ರೆ ಒಡೆದುಹೋಗಲ್ಲ.”

“ಒಂದು ಅಡಿಗೆ ಹನ್ನೆರಡಿಂಚು ಯಾಕೆ ಇಟ್ರು ಹೇಳು? ಮೂವರಿಗೆ ಹಂಚಬಹುದು, ತಲಾ ನಾಲ್ಕು. ನಾಲ್ವರಿಗೆ ಹಂಚಬಹುದು, ತಲಾ ಮೂರು. ನಿನ್ನ ಹತ್ತನ್ನ ಮೂವರಿಗೆ ಹಂಚು ನೋಡೋಣ. ಮೂರು ಪಾಯಿಂಟ್ ಮೂರು ಮೂರು ಮೂರು. ಸಾಯೋವರೆಗೂ ಮುಗಿಯಲ್ಲ.”

“ಮೂವರು ಯಾರು?” ಎಂದ.

ನಾನು ಸೇಬು ಅಗಿದೆ.

“ಹೊಟ್ಟೆಕಿಚ್ಚನ್ನ ಯಾವ ಟೇಪಲ್ಲಿ ಅಳೀತಾರೋ ಅದನ್ನ ಮೊದಲು ಹೇಳಿ,” ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ. “ಆಮೇಲೆ ಮಿಕ್ಕಿದ್ದು ಮಾತಾಡೋಣ.”

ಅವನು ಎದ್ದು ಕೈ ತೊಳೆಯಲು ಹೋದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ ಎನ್ನುವುದೇ ನನಗೆ ಸಂಕಟ. ಮಿಲಿಮೀಟರು ಒಳ್ಳೆಯದೇ. ಯಾರು ಹೇಳಿದರೂ ಒಂದೇ, ಯಾರು ಕೇಳಿದರೂ ಒಂದೇ. ಹೇಳುವವರು ಯಾರೆಂದು ಕೇಳುವವರಿಗೆ ಗೊತ್ತಿರಬೇಕಾಗಿಲ್ಲ. ಜಗತ್ತಿಗೆಲ್ಲ ಅದು ಅನುಕೂಲ. ಜಗತ್ತಿಗೆಲ್ಲ ಅನುಕೂಲವಾದದ್ದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಶನಿವಾರ ಮಿಲಿ ಅಂಗಡಿಗೇ ಬಂದಳು.

ಅವಳು ಚೆಂದವಾಗಿರುತ್ತಾಳೆ ಎಂದುಕೊಂಡಿದ್ದೆ. ಸಾಧಾರಣವಾಗಿದ್ದಳು. ಅದು ಇನ್ನೂ ಕೆಟ್ಟದು. ಚೆಂದವಿದ್ದಿದ್ದರೆ ಅವನು ಚೆಂದವನ್ನು ನೋಡಿದ ಎಂದುಕೊಂಡು ಬೈದು ಸುಮ್ಮನಾಗಬಹುದಿತ್ತು. ಗಿಡ್ಡ ಕೂದಲು, ಬೆರಳ ಮೇಲೆ ಶಾಯಿಯ ಕಲೆ, ಹೆಗಲಿಗೆ ನಕ್ಷೆಗಳ ಉದ್ದ ಡಬ್ಬ. ಹೊಸ್ತಿಲಲ್ಲೇ ನಿಂತು, “ಒಳಗೆ ಬರಬಹುದಾ ಅಕ್ಕಾ?” ಎಂದಳು. ಅಕ್ಕಾ ಎಂಬ ಒಂದೇ ಮಾತಿನಲ್ಲಿ ನನ್ನ ವಯಸ್ಸನ್ನು ಅಳೆದು ಮುಗಿಸಿದಳು.

“ಬನ್ನಿ. ಚಪ್ಪಲಿ ಹಾಕ್ಕೊಂಡೇ ಬನ್ನಿ, ಗಾಜಿನ ಚೂರಿರುತ್ತೆ.”

ಅವಳ ಕೈಯಲ್ಲಿ ಹಳೆಯ ಭೂಪಟಗಳ ಒಂದು ಕಟ್ಟಿತ್ತು. ಚಿತ್ರಶಾಲೆಯ ಒಳಹಜಾರಕ್ಕೆ ಇವಕ್ಕೆಲ್ಲ ಫ್ರೇಮು ಹಾಕಬೇಕು, ಒಂದನ್ನು ಮಾದರಿಗೆ ಇವತ್ತೇ ಮಾಡಿ ತೋರಿಸಲು ಆಗುತ್ತದೆಯೇ ಎಂದಳು. ಇವನು ಎಲ್ಲಿಲ್ಲದ ಸಂಭ್ರಮದಲ್ಲಿ ಸ್ಟೂಲು ಒರೆಸಿದ. ನಮ್ಮ ಮನೆಯ ಸ್ಟೂಲನ್ನು ಅವನು ಒರೆಸಿದ್ದು ಅದೇ ಮೊದಲು.

ಅವನು ಭೂಪಟವನ್ನು ಮೇಜಿನ ಮೇಲೆ ಹರಡಿ ಅಳತೆ ಹೇಳಿದ. ಇಂಚಿನಲ್ಲೇ ಹೇಳಿದ, ಸ್ವಲ್ಪ ಜೋರಾಗಿ, ನನ್ನನ್ನು ಖುಷಿಪಡಿಸಲಿಕ್ಕೆ. ನಾನು ಮತ್ತೆ ಹೇಳಿ ಕತ್ತರಿಸಿದೆ. ಅವಳು ಸ್ಟೂಲಿನ ಮೇಲೆ ಕೂತು ಒಮ್ಮೆ ಅವನನ್ನು ಒಮ್ಮೆ ನನ್ನನ್ನು ನೋಡುತ್ತಿದ್ದಳೆಂದು ಬೆನ್ನಿಗೇ ಗೊತ್ತಾಗುತ್ತಿತ್ತು. ಮೂಲೆಗಳನ್ನು ಅಂಟಿಸಿ, ಬಿಗಿದು, ಒಣಗಲು ಬಿಟ್ಟೆ. ಅತ್ತೆ ಚಹಾ ಕಳಿಸಿದರು. ಅವಳು ಕುಡಿದಳು. ಹೊಗಳಿದಳು. ಇವನು ಹಲ್ಲುಬಿಟ್ಟ.

ಅಂಟು ಒಣಗಿದ ಮೇಲೆ ಫ್ರೇಮನ್ನು ಬೋರಲು ಹಾಕಿ, ಗಾಜು ಕೂರುವ ಒಳಗಿನ ಮೆಟ್ಟಿಲಿಗೆ ಟೇಪು ಹಿಡಿದೆ. ಇದು ನಾನು ಕೂಗುವ ಸರದಿ. ಉದ್ದ ಹೇಳಿದೆ, ಅವನು ಮತ್ತೆ ಹೇಳಿದ. ಅಗಲ ನೋಡಿದೆ. ಗೋಡೆಗೆ ಮುಖ ಮಾಡಿಕೊಂಡೇ ಕೂಗಿದೆ:

“ಒಂಬತ್ತೂವರೆ, ಸಣಕಲು.”

“ಒಂಬತ್ತೂವರೆ, ಸಣಕಲು.”

ಹೆಣ್ಣು ದನಿ.

ಅವನು ಹಿಂದಿನ ಕೋಣೆಯಲ್ಲಿ ಗಾಜಿನ ಹಾಳೆ ಇಳಿಸುತ್ತಿದ್ದ ಸದ್ದು ಆಗ ಕೇಳಿಸಿತು. ನಾನು ತಿರುಗಿದೆ. ಅವಳು ಗಾಜಿನ ಮೇಜಿನ ಮುಂದೆ, ಅವನು ನಿಲ್ಲುವ ಜಾಗದಲ್ಲಿ, ಬೀದಿಗೆ ಮುಖ ಮಾಡಿ ನಿಂತಿದ್ದಳು. ಮಾತನ್ನು ಸರಿಯಾಗಿಯೇ ಹೇಳಿದ್ದಳು. ‘ಒಂಬತ್ತೂವರೆ’ ಆದ ಮೇಲೆ ಚೂರು ನಿಲ್ಲಿಸಿ, ‘ಸಣಕಲು’ ಎನ್ನುವಾಗ ದನಿಯನ್ನು ತುಸು ಇಳಿಸಿ. ನಾವು ಹೇಳುವ ಹಾಗೆಯೇ.

“ಆ ಮಾತು ಎಲ್ಲಿ ಕಲಿತ್ರಿ?” ಎಂದೆ.

“ಇವರೇ ಹೇಳಿಕೊಟ್ಟಿದ್ದು. ಅಲ್ಲಿ ನಾವೆಲ್ಲ ಈಗ ಹಾಗೇ ಹೇಳೋದು ಅಕ್ಕಾ. ಸಣಕಲು, ಪುಷ್ಟಿ. ಬಣ್ಣ ಹೊಡೆಯೋರೂ ಹೇಳ್ತಾರೆ. ಎಷ್ಟು ಚೆನ್ನಾಗಿದೆ ಅಲ್ವಾ?” ಅವಳ ಮುಖದಲ್ಲಿ ಕಪಟವಿರಲಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ. “ನಾವು ಒಂದಿನ ಕುತೂಹಲಕ್ಕೆ ಕ್ಯಾಲಿಪರ್‌ನ ಹಲ್ಲಿಗೆ ಸಿಕ್ಕಿಸಿ ಅಳೆದ್ವಿ. ಇವರು ಕತ್ತರಿಸಿದ ಸಣಕಲೆಲ್ಲ ತೆಗೆದು ನೋಡಿದ್ರೆ ಎಲ್ಲಾ ಸೊನ್ನೆ ಪಾಯಿಂಟ್ ಆರು. ಆರು, ಆರು, ಆರು. ಒಂದೂ ತಪ್ಪಿಲ್ಲ. ಆಮೇಲೆ ನಕ್ಷೆಯ ಮೂಲೆಯಲ್ಲೇ ಬರೆದುಬಿಟ್ಟೆ, ಸಣಕಲು ಅಂದ್ರೆ ಸೊನ್ನೆ ಪಾಯಿಂಟ್ ಆರು ಮಿಲಿಮೀಟರ್ ಕಡಿಮೆ ಅಂತ. ಈಗ ಹೊಸಬರು ಬಂದ್ರೂ ಗೊತ್ತಾಗುತ್ತೆ.”

ನಾನು ಟೇಪು ಸುತ್ತಿ ಬೆಂಚಿನ ಮೇಲಿಟ್ಟೆ.

ಇಷ್ಟು ದಿನ ನಾನು ಮಿಲಿಮೀಟರನ್ನು ಕಾಯುತ್ತಿದ್ದೆ. ಅದು ಮನೆಗೆ ನುಗ್ಗುತ್ತದೆ ಎಂದು ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಿದ್ದೆ. ಹಿಂಬಾಗಿಲಿಂದ ನನ್ನ ಸಣಕಲು ಎದ್ದು ಹೋಗಿ ಊರಿನವರ ಬಾಯಲ್ಲೆಲ್ಲ ಓಡಾಡಿಕೊಂಡಿತ್ತು. ಅವನು ಅವಳಿಂದ ತಂದದ್ದನ್ನು ಕ್ಷಮಿಸಬಹುದಿತ್ತೇನೋ. ಕೊಟ್ಟದ್ದನ್ನು?

ಅವನು ಗಾಜಿನ ಹಾಳೆ ಹಿಡಿದು ಹಿಂದಿನ ಕೋಣೆಯಿಂದ ಬಂದ. ನಮ್ಮಿಬ್ಬರ ಮುಖ ನೋಡಿದ. ಗಾಜನ್ನು ಮೆಲ್ಲಗೆ ಕಂಬಳಿಯ ಮೇಲೆ ಮಲಗಿಸಿದ.

“ಅಕ್ಕಂಗೆ ಹೇಳ್ತಿದ್ದೆ,” ಎಂದಳು ಮಿಲಿ. “ನಿಮ್ಮದೂ ಅಳೆದು ನೋಡ್ಬೇಕು ಅಕ್ಕಾ, ಒಂದಿನ. ಇವರದ್ದಕ್ಕೆ ನಿಮ್ಮದು ಸರಿಹೊಂದುತ್ತಾ ಅಂತ.”

“ಬೇಕಾಗಿಲ್ಲ,” ಎಂದೆ.

“ನೀವೂ ಬಂದುಬಿಡಿ ಅಲ್ಲಿಗೆ. ನಿಜವಾಗ್ಲೂ. ದೊಡ್ಡ ಬೆಂಚಿದೆ, ಒಳ್ಳೆ ಬೆಳಕಿದೆ. ಇಬ್ಬರೂ ಜೊತೆಗಿರಬಹುದು. ಇಂಚಿನ ಟೇಪೇ ಇಟ್ಕೊಳಿ, ಯಾರೂ ಏನೂ ಅನ್ನಲ್ಲ.”

ಯಾರೂ ಏನೂ ಅನ್ನಲ್ಲ. ಮುದುಕರ ಕಿವುಡುತನಕ್ಕೆ ಏನೂ ಅನ್ನುವುದಿಲ್ಲವಲ್ಲ, ಹಾಗೆ.

“ಯೋಚನೆ ಮಾಡ್ತೀನಿ,” ಎಂದೆ. ಮನೆಗೆ ಬಂದವರಿಗೆ ಹೇಳುವ ಮಾತು ಅದೊಂದೇ ನನಗೆ ನೆನಪಾಗಿದ್ದು. ಅವಳು, ಮಾದರಿಯನ್ನು ಸೋಮವಾರ ಕಳಿಸಿದರೂ ಆಯಿತು ಎಂದು, ನಮಸ್ಕಾರ ಹೇಳಿ, ಡಬ್ಬ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದಳು. ಅವಳ ತಲೆ ಬೀದಿ ಬದಿಯ ಕಿಟಕಿಯ ಮೂರು ಗಾಜು ದಾಟುವವರೆಗೂ ನೋಡಿದೆ.

“ಒಂದು ಮಾತು ಕಣೆ ಅದು,” ಎಂದ ಅವನು. “ಬಾಯಿ ತಪ್ಪಿ ಬಂತು. ಅಲ್ಲಿ ಯಾರೋ ಕೇಳಿದ್ರು, ಅಂದ್ರೇನು ಅಂತ. ಹೇಳಿದೆ.”

“ಅಂದ್ರೇನು ಅಂತ ಹೇಳ್ದೆ?”

“ಚೂರು ಕಮ್ಮಿ ಅಂತ.”

“ಅಷ್ಟೇನಾ? ನಿನ್ನ ಅಂಗಿ ವಿಷಯ? ಮೊಳೆ ವಿಷಯ?”

ಅವನು ಗಾಜಿನ ಅಂಚನ್ನು ಕಂಬಳಿಯ ಅಂಚಿಗೆ ಸರಿಯಾಗಿ ಜೋಡಿಸಿದ. ಹೇಳಿದ್ದಾನೆ.

“ನಕ್ಕರಾ?”

“ಎಲ್ಲರೂ ನಕ್ಕರು. ಒಳ್ಳೆ ರೀತಿಲೇ ನಕ್ಕರು.” ಗಾಜು ಕೊಯ್ಯುವ ಕಡ್ಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದ. “ನೋಡು, ಅವಳಿಗೂ ನನಗೂ ಏನೂ ಇಲ್ಲ. ನಿನಗೇ ಗೊತ್ತು.”

“ಗೊತ್ತು.”

ಗೊತ್ತಿತ್ತು. ಅದೇ ಕಷ್ಟ. ಏನಾದರೂ ಇದ್ದಿದ್ದರೆ ಪಾತ್ರೆ ಎಸೆಯಬಹುದಿತ್ತು, ತವರಿಗೆ ಹೋಗಬಹುದಿತ್ತು, ಅತ್ತೆಯನ್ನು ನನ್ನ ಪಕ್ಷಕ್ಕೆ ಎಳೆದುಕೊಳ್ಳಬಹುದಿತ್ತು. ಸೊನ್ನೆ ಪಾಯಿಂಟ್ ಆರು ಮಿಲಿಮೀಟರಿಗಾಗಿ ಯಾರು ತವರಿಗೆ ಹೋಗುತ್ತಾರೆ? ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ ಅರ್ಧ ಇಳಿದು ನಿಂತದ್ದು ಕೇಳಿಸಿತು. ಮಾತು ಕೇಳಿಸಿಕೊಂಡು, ಹೆಜ್ಜೆ ಮತ್ತೆ ಮೇಲೆ ಹೋಯಿತು.

“ಸೋಮವಾರ ಹೋಗಿ, ಕಾಯಂ ಆಗಿ ಬರಲ್ಲ ಅಂತ ಹೇಳಿಬಿಡ್ತೀನಿ,” ಎಂದ. “ಇಲ್ಲೇ ಇರ್ತೀನಿ. ಇಂಚಲ್ಲೇ ಹೇಳ್ತೀನಿ.”

ನಾನು ಬೆಂಚಿನ ಮೇಲಿನ ಮರದ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದೆ. ಇದೇ ಮಾತನ್ನು ನಿನ್ನೆ ಹೇಳಿದ್ದರೆ ನಾನು ಅಳುತ್ತಿದ್ದೆ. ಅವನು ಮೇಜು ಬಿಟ್ಟು ಕೋಣೆಯ ನಡುವಿನವರೆಗೆ ಬಂದ. ಕೆಲಸದ ಹೊತ್ತಿನಲ್ಲಿ ಅವನು ಅಷ್ಟು ದೂರ ಬಂದದ್ದು ನೆನಪಿಲ್ಲ.

“ಆ ಮಾತು ಹಾಳಾಯ್ತು, ಒಪ್ಕೋತೀನಿ. ಬಿಟ್ಟುಬಿಡೋಣ ಅದನ್ನ. ಅವರೇ ಇಟ್ಕೊಳ್ಳಲಿ. ನಾವು ಬೇರೆ ಮಾಡ್ಕೊಳೋಣ.” ದನಿ ತಗ್ಗಿಸಿದ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು, ಆದರೂ ತಗ್ಗಿಸಿದ. “ಉಸಿರು. ಒಂಬತ್ತೂವರೆ, ಉಸಿರು ಕಮ್ಮಿ. ಗಾಜಿನ ಮೇಲೆ ಉಸಿರು ಬಿಟ್ರೆ ಮಂಜು ಕೂರುತ್ತಲ್ಲ, ಅಷ್ಟು ತೆಳು. ಯಾರಿಗೂ ಹೇಳಲ್ಲ. ನಿನಗೆ, ನನಗೆ, ಅಷ್ಟೇ.”

ಒಳ್ಳೆಯ ಮಾತು. ಸಣಕಲಿಗಿಂತ ಎಷ್ಟೋ ಒಳ್ಳೆಯದು. ಈಗ ತಾನೇ ಹೊಳೆದದ್ದಲ್ಲ ಎನ್ನುವುದೂ ಗೊತ್ತಾಯಿತು. ಎಷ್ಟೋ ದಿನ ಮನಸ್ಸಿನಲ್ಲಿಟ್ಟುಕೊಂಡು ತಿಕ್ಕಿ ನಯ ಮಾಡಿದ ಮಾತು ಹಾಗೆ ಇರುತ್ತದೆ. ಯಾರ ಮುಂದೆ ಕೂತು ತಿಕ್ಕಿದನೋ. ಇಲ್ಲ, ನನಗಾಗಿಯೇ ತಿಕ್ಕಿದ್ದ ಎಂದೇ ಇಟ್ಟುಕೊಳ್ಳೋಣ. ಅದನ್ನೂ ಒಂದು ದಿನ ಯಾರೋ ಅಂದ್ರೇನು ಎಂದು ಕೇಳುತ್ತಾರೆ, ಇವನ ಬಾಯಿ ಮತ್ತೆ ತಪ್ಪುತ್ತದೆ, ಒಂದು ಕ್ಯಾಲಿಪರು ನನ್ನ ಉಸಿರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಷ್ಟು ಪಾಯಿಂಟ್ ಎಷ್ಟು ಎಂದು ಓದುತ್ತದೆ. ಎಲ್ಲರೂ ನಗುತ್ತಾರೆ, ಒಳ್ಳೆ ರೀತಿಯಲ್ಲೇ.

“ಒಂದು ಸಲ ಹೇಳಿ ನೋಡು,” ಎಂದ. “ನೀನು ಕೂಗು, ನಾನು ಮತ್ತೆ ಹೇಳ್ತೀನಿ.”

ಅವನು ಹಿಂದೆ ಹೋಗಿ ಗಾಜಿನ ಮೇಜಿನ ಮುಂದೆ ನಿಂತ. ನನಗೆ ಬೆನ್ನು ಮಾಡಿ, ಬೀದಿಯ ಕಡೆಗೆ ಮುಖ ಮಾಡಿ, ಕಡ್ಡಿಯನ್ನು ಗಾಜಿನ ಅಂಚಿಗೆ ಮುಟ್ಟಿಸಿ ಕಾದ.

“ಹೇಳಲ್ಲ,” ಎಂದೆ.